ತಡಿಯ ಕುದುರೆಗೆ ದಾರಿ ಬೇಕು

ಭತ್ತದ ಕೊಯ್ಲು ಮುಗಿದು ಗದ್ದೆಗಳು ತೆರವಾದ ಮೇಲೆ ಬಯಲುಸೀಮೆಯ ಕುರುಬರು ತಮ್ಮ ಹಿಂಡುಗಳೊಡನೆ ಖಾನಾಪುರ, ಕಿತ್ತೂರು, ಧಾರವಾಡಗಳ ಕಡೆಗೆ ಬರುವುದನ್ನು ನಾವೆಲ್ಲ ಬಲ್ಲೆವು. ಗದ್ದೆಯಲ್ಲಿ ಕುರಿ ತರುಬಿದರೆ ಗೊಬ್ಬರವಾಗುತ್ತದೆಂದು ರೈತರು ಕಾಳೋ ಹಣವೋ ಕೊಟ್ಟು ಅವರನ್ನು ಕರೆಸಿಕೊಳ್ಳುತ್ತಾರೆ. ಆ ಹಿಂಡಿನ ಹಿಂದೆ ಕಂಬಳಿ, ಬಲೆ, ಅಡಿಗೆಯ ಪಾತ್ರೆ, ಆಗತಾನೇ ಹುಟ್ಟಿದ ಕುರಿಮರಿ, ಒಮ್ಮೊಮ್ಮೆ ನಡೆಯಲಾರದ ಕೂಸನ್ನೂ ಹೊತ್ತು ತಲೆತಗ್ಗಿಸಿ ನಡೆಯುವ ಒಂದು ಪ್ರಾಣಿಯಿರುತ್ತದೆ. ಅದನ್ನು ಕುದುರೆಯೆಂದು ಕರೆಯಲೂ ನಮ್ಮ ಹುಡುಗರು ಹಿಂಜರಿಯುತ್ತಾರೆ. ತಟ್ಟು ಎಂದು ನಗುತ್ತಾರೆ. ಆ ತಟ್ಟುವಿನ ವಂಶವನ್ನು ಕುರಿತು ನಾಲ್ಕು ಮಾತು ಬರೆಯಬೇಕಾದ ಸಂದರ್ಭ ಈಗ ಒದಗಿದೆ.

ದೇಶದ ಪಶುತಳಿಗಳನ್ನು ನೋಂದಾಯಿಸುವ ಕರ್ನಾಲಿನ ರಾಷ್ಟ್ರೀಯ ಸಂಸ್ಥೆಯು 2023-24ರಲ್ಲಿ ದಖ್ಖನಿನ ಈ ಕುದುರೆಯನ್ನು ‘ಭೀಮಥಡಿ’ ಎಂಬ ಹೆಸರಿನಿಂದ ಪ್ರತ್ಯೇಕ ತಳಿಯೆಂದು ಅಂಗೀಕರಿಸಿತು. ಮಾರವಾಡಿ, ಕಾಠಿಯಾವಾಡಿ, ಸ್ಪಿತಿ, ಝನ್ಸ್ಕಾರಿ, ಭೂತಿಯಾ, ಮಣಿಪುರಿ, ಕಚ್ಛಿ-ಸಿಂಧಿಗಳ ನಂತರ ಭಾರತದಲ್ಲಿ ಮಾನ್ಯತೆ ಪಡೆದ ಎಂಟನೆಯ ಕುದುರೆ ತಳಿ ಇದು. ದಖ್ಖನಿ ಕುದುರೆ ಹೆಚ್ಚುಕಡಿಮೆ ಅಳಿದೇಹೋಯಿತೆಂದು ಅನೇಕ ಬರಹಗಳು ಷರಾ ಬರೆದು ಮುಗಿಸಿದ್ದವು. ಅಳಿದುಹೋಯಿತೆಂದ ಪ್ರಾಣಿ ಅಷ್ಟೂ ಕಾಲ ಧನಗರರ, ಕುರುಬರ ಹಟ್ಟಿಗಳಲ್ಲಿ ಹೇರು ಹೊತ್ತುಕೊಂಡು ಓಡಾಡುತ್ತಲೇ ಇತ್ತು. ನೋಡಬೇಕಾದವರು ಅರಮನೆಯ ಲಾಯಗಳಲ್ಲಿ ಹುಡುಕುತ್ತಿದ್ದರೆಂದು ತೋರುತ್ತದೆ.

ಹೆಸರಿನ ಬಗ್ಗೆ ಒಂದು ಮಾತು. ಭೀಮಾ ನದಿಯ ತಡಿಯದು ಭೀಮಥಡಿ. ಈಗಿನ ಬಾರಾಮತಿ ತಾಲೂಕಿಗೆ ಹಿಂದೆ ಇದ್ದ ಹೆಸರೂ ಅದೇ. ದಡವೆಂಬ ಅರ್ಥದ ‘ತಡಿ’ ನಮಗೆ ಹೊಸ ಪದವಲ್ಲ. ಕುದುರೆಯ ಬೆನ್ನಿಗೆ ಹಾಕುವ ಜೀನಿಗೂ ಕನ್ನಡದಲ್ಲಿ ತಡಿಯೆಂದೇ ಹೆಸರಿದೆ. ಭೀಮೆಯಾದರೋ ಪುಣೆ-ಸೊಲ್ಲಾಪುರಗಳಲ್ಲಿ ನಿಲ್ಲದೆ ವಿಜಯಪುರ, ಕಲಬುರಗಿ ಜಿಲ್ಲೆಗಳನ್ನು ಹಾಯ್ದು ಕೃಷ್ಣೆಯನ್ನು ಸೇರುತ್ತಾಳೆ. ಆದರೂ ನೋಂದಣಿಯಲ್ಲಿ ಈ ಕುದುರೆಯ ತವರೆಂದು ದಾಖಲಾಗಿರುವುದು ಮಹಾರಾಷ್ಟ್ರ. ಅವರನ್ನು ದೂರುವಂತಿಲ್ಲ. ಅಲ್ಲಿಯವರು ಹಟ್ಟಿಯಿಂದ ಹಟ್ಟಿಗೆ ಅಲೆದು ಅಳತೆ ತೆಗೆದರು, ರಕ್ತದ ಮಾದರಿ ಸಂಗ್ರಹಿಸಿದರು, ಹಿಸಾರಿನ ಅಶ್ವ ಸಂಶೋಧನಾ ಕೇಂದ್ರದ ನೆರವು ಪಡೆದರು. 2023ರಲ್ಲಿ ಮಹಾರಾಷ್ಟ್ರವು ರಾಜ್ಯಗೀತೆಯೆಂದು ಅಂಗೀಕರಿಸಿದ ಹಾಡಿನಲ್ಲಿಯೂ ಈ ತಟ್ಟುವಿನ ಹೆಸರಿದೆ. ನಮ್ಮಲ್ಲಿ ಬೆಳಗಾವಿ, ವಿಜಯಪುರಗಳ ಕುರುಬರ ಹಟ್ಟಿಯ ಕುದುರೆ ಇದೇ ರಕ್ತದ್ದೇ, ಎಷ್ಟು ಬೆರಕೆಯಾಗಿದೆ ಎಂದು ಯಾರಾದರೂ ಕೇಳಬೇಕಾಗಿದೆ.

ಈ ರಕ್ತ ಎಲ್ಲಿಂದ ಬಂತೆಂಬುದಕ್ಕೆ ನಮ್ಮ ಘಟ್ಟದ ದಾರಿಗಳೂ ಸಾಕ್ಷಿಯಾಗಿವೆ. ಅರಬಸ್ಥಾನ ಮತ್ತು ಹೋರ್ಮುಜಿನ ಕುದುರೆಗಳು ಗೋವೆ, ಹೊನ್ನಾವರ, ಭಟ್ಕಳಗಳಲ್ಲಿ ಹಡಗಿನಿಂದಿಳಿದು ಘಟ್ಟವೇರಿ ವಿಜಯನಗರಕ್ಕೂ ಬಿಜಾಪುರಕ್ಕೂ ಹೋಗುತ್ತಿದ್ದವು. ವಿಜಯನಗರದ ಅರಸನು ವರ್ಷಕ್ಕೆ ಹದಿಮೂರು ಸಾವಿರ ಕುದುರೆಗಳನ್ನು ಕೊಳ್ಳುತ್ತಿದ್ದನೆಂದು ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿಟ್ಟಿದ್ದಾನೆ. 1510ರಲ್ಲಿ ಗೋವೆಯನ್ನು ಗೆದ್ದ ಆಲ್ಬುಕರ್ಕ್ ಮೊದಲು ಕೈಹಾಕಿದ ಕೆಲಸಗಳಲ್ಲಿ ಈ ವ್ಯಾಪಾರವನ್ನು ತನ್ನ ಬಂದರಿಗೆ ತಿರುಗಿಸಿಕೊಳ್ಳುವುದೂ ಒಂದು. ಪ್ರತಿ ವರ್ಷ ಅಷ್ಟು ಕುದುರೆ ಕೊಳ್ಳಬೇಕಾದುದೇಕೆ? ಯುದ್ಧದಲ್ಲಿ ಸತ್ತವು ಕೆಲವಾದರೆ, ನಮ್ಮ ಸೆಕೆಗೆ, ಮಳೆಗೆ, ಒಗ್ಗದ ಮೇವಿಗೆ ಸತ್ತವು ಬಹಳ. ಪರದೇಶದ ದುಬಾರಿ ಕುದುರೆ ಇಲ್ಲಿ ಬಾಳಲಿಲ್ಲ. ಬಾಳಿದ್ದು ಊರಿನ ತಟ್ಟು. ಅದರೊಳಗೆ ಅರಬ್ಬಿ, ತುರುಕಿ ಕುದುರೆಗಳ ರಕ್ತ ಒಂದಿಷ್ಟು ಸೇರಿತು. ಕಲ್ಲುನೆಲ, ಬರಗಾಲ, ಒಣಹುಲ್ಲು ಮಿಕ್ಕ ಆಯ್ಕೆಯನ್ನು ಮಾಡಿದವು. ಮರಾಠರ ಹಗುರ ಸವಾರಪಡೆ ಬಹುದೂರ ಸಾಗಿದ್ದು ಇಂಥ ಕುದುರೆಗಳ ಬೆನ್ನ ಮೇಲೆಯೇ.

ಆಮೇಲೆ ರೈಲು ಬಂದಿತು. 1880ರ ದಶಕದಲ್ಲಿ ಲೋಂಡಾ, ತಿನೈಘಾಟ, ಕ್ಯಾಸಲ್‌ರಾಕ್ ಮಾರ್ಗವಾಗಿ ಹಳಿ ಹಾಸಿ ಮುರ್ಮಗೋವಾ ಬಂದರಿಗೆ ಸೇರಿಸಿದಾಗ, ಅದುವರೆಗೆ ಲಂಬಾಣಿಗರ ಹೇರೆತ್ತುಗಳೂ ತಟ್ಟುಗಳೂ ಮಾಡುತ್ತಿದ್ದ ಕೆಲಸ ವ್ಯಾಗನ್ನಿಗೆ ಹೋಯಿತು. ಲೋಂಡಾ ಜಂಕ್ಷನ್ನಾಗಿ ಬೆಳೆದದ್ದೇ ಹಾಗೆ. ಮುಂದೆ ಲಾರಿ ಬಂದಿತು, ದಂಡಿನ ಕುದುರೆ ಹೋಯಿತು, ಟಾಂಗಾ ಹೋಯಿತು. ಯಾವ ದಫ್ತರವನ್ನೂ ಇಟ್ಟುಕೊಳ್ಳದೆ ಈ ವಂಶವನ್ನು ಕೈಬಿಡದೆ ಉಳಿಸಿಕೊಂಡವನು ಕುರಿಗಾಹಿ ಒಬ್ಬನೇ. ಅವನಿಗೆ ಅದು ಪರಂಪರೆಯ ಪ್ರಶ್ನೆಯಾಗಿರಲಿಲ್ಲ. ಟೆಂಪೊ ಹೋಗದ ಬದುವಿನ ಮೇಲೆ ಸಾಮಾನು ಸಾಗಿಸಬೇಕಾಗಿತ್ತು.

ಈಗ ಸಂತಾನಾಭಿವೃದ್ಧಿಯ ವಿಷಯ. ನಮ್ಮ ಕಾಲೇಜು ವಿದ್ಯಾರ್ಥಿಗಳು ಇದನ್ನು ಸ್ವಲ್ಪ ಗಮನವಿಟ್ಟು ಓದಬೇಕು. ಹೆಣ್ಣು ಕುದುರೆ ಹನ್ನೊಂದು ತಿಂಗಳು ಗರ್ಭ ಧರಿಸಿ ಒಂದೇ ಮರಿ ಹಾಕುತ್ತದೆ. ಕುರಿಯಂತೆ, ಹಂದಿಯಂತೆ ಸಂಖ್ಯೆ ಬೇಗ ಏರುವುದಿಲ್ಲ. ಆದುದರಿಂದ ಒಂದು ತಲೆಮಾರಿನಲ್ಲಿ ಕಳೆದುಕೊಂಡುದನ್ನು ಮರಳಿ ಪಡೆಯಲು ಹಲವು ತಲೆಮಾರು ಬೇಕು. ಇನ್ನು, ತಲೆ ಎಣಿಸಿದರೆ ತಳಿ ಎಣಿಸಿದಂತಾಗುವುದಿಲ್ಲ. ನೂರು ಹೆಣ್ಣು ಕುದುರೆಗಳಿಗೆ ಎರಡೇ ಬೀಜದ ಕುದುರೆಗಳಿದ್ದರೆ, ಹುಟ್ಟುವ ಮರಿಗಳೆಲ್ಲ ಒಬ್ಬನಲ್ಲದಿದ್ದರೆ ಇನ್ನೊಬ್ಬನ ಮಕ್ಕಳು. ತಳಿಶಾಸ್ತ್ರದಲ್ಲಿ ಇದಕ್ಕೊಂದು ಲೆಕ್ಕವಿದೆ: ಗಂಡುಗಳ ಸಂಖ್ಯೆ, ಹೆಣ್ಣುಗಳ ಸಂಖ್ಯೆ, ನಾಲ್ಕು — ಈ ಮೂರನ್ನೂ ಗುಣಿಸಿ, ಗಂಡು-ಹೆಣ್ಣುಗಳ ಒಟ್ಟು ಸಂಖ್ಯೆಯಿಂದ ಭಾಗಿಸಬೇಕು. ನೂರಕ್ಕೆ ಎರಡು ಎಂದರೆ ಉತ್ತರ ಎಂಟಕ್ಕೂ ಕಡಿಮೆ. ಅಂದರೆ ಕಣ್ಣಿಗೆ ನೂರಾ ಎರಡು ಕುದುರೆ ಕಂಡರೂ ವಂಶದ ವೈವಿಧ್ಯದ ದೃಷ್ಟಿಯಿಂದ ಅದು ಎಂಟು ಕುದುರೆಗಳ ಗುಂಪಿಗೆ ಸಮ. ಅದೇ ನೂರಕ್ಕೆ ಇಪ್ಪತ್ತು ಗಂಡುಗಳಿದ್ದರೆ ಉತ್ತರ ಅರವತ್ತಾರನ್ನು ದಾಟುತ್ತದೆ. ಇದು ಕನಿಷ್ಠ ಐವತ್ತಾದರೂ ಇರಬೇಕೆಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯ ಮಾರ್ಗದರ್ಶಿ ಹೇಳುತ್ತದೆ. ಅದಕ್ಕಿಂತ ಕೆಳಗಿಳಿದರೆ ರಕ್ತಸಂಬಂಧದೊಳಗಿನ ಕೂಡಿಕೆ ಹೆಚ್ಚಿ ಗರ್ಭ ನಿಲ್ಲದಿರುವುದು, ಮರಿಗಳು ಬಾಳದಿರುವುದು ಮೊದಲಾಗುತ್ತದೆ.

ಪ್ರದರ್ಶನದಲ್ಲಿ ಗೆದ್ದ ಒಂದೇ ಸುಂದರ ಗಂಡನ್ನು ಊರೂರಿಗೆ ಕಳುಹಿಸುವ ಉತ್ಸಾಹಕ್ಕೆ ನಾನು ಅಂಜುವುದು ಈ ಕಾರಣದಿಂದ. ತಳಿ ಉಳಿಸುತ್ತೇವೆಂದು ಹೊರಟವರೇ ತಳಿಯನ್ನು ಕಿರಿದು ಮಾಡಿದ ಉದಾಹರಣೆಗಳಿವೆ. ರೇಸಿನ ಥರೋಬ್ರೆಡ್ ಕುದುರೆಗಳನ್ನೇ ನೋಡಿರಿ. ಜಗತ್ತಿನಲ್ಲಿ ಅವು ಲಕ್ಷಗಟ್ಟಲೆ ಇವೆ. 1791ರಿಂದ ವಂಶಾವಳಿಯ ಪುಸ್ತಕವಿದೆ. ಆದರೆ ಗಂಡು ವಂಶವೆಲ್ಲ ಮೂರೇ ಮೂಲಪುರುಷರಿಗೆ ಹೋಗಿ ಮುಟ್ಟುತ್ತದೆ. ಇದಕ್ಕೆ ಪ್ರತಿಯಾಗಿ ಮಂಗೋಲಿಯದ ಕಾಡುಕುದುರೆಯ ಕಥೆಯಿದೆ. 1960ರ ದಶಕದ ಕೊನೆಗೆ ಅದು ಕಾಡಿನಿಂದ ಪೂರ್ತಿ ಮಾಯವಾಯಿತು. ಮೃಗಾಲಯಗಳಲ್ಲಿ ಉಳಿದಿದ್ದ ಹತ್ತು ಹದಿನೈದರಷ್ಟು ಮೂಲ ಕುದುರೆಗಳ ಸಂತತಿಯನ್ನು, ಯಾವುದನ್ನು ಯಾವುದರೊಡನೆ ಕೂಡಿಸಬೇಕೆಂದು ಪ್ರಾಗ್ ನಗರದಲ್ಲಿಟ್ಟ ಒಂದೇ ದಫ್ತರ ನೋಡಿ ನಿರ್ಧರಿಸುತ್ತ ಬಂದರು. 1992ರಲ್ಲಿ ಅವು ಮಂಗೋಲಿಯದ ಹುಲ್ಲುಗಾವಲಿಗೆ ಮರಳಿದವು. ಅಲ್ಲಿ ದಫ್ತರವೂ ಇತ್ತು, ಮರಳಿ ಹೋಗಲು ಹುಲ್ಲುಗಾವಲೂ ಇತ್ತು. ನಮ್ಮಲ್ಲಿ ದಫ್ತರ ಈಗ ಆರಂಭವಾಗಬೇಕು. ಹುಲ್ಲುಗಾವಲಿನ ಗತಿಯೇನು?

ಈ ಪ್ರಶ್ನೆಗೆ ಉತ್ತರ ನಮ್ಮ ರಾಜ್ಯದ ಚರಿತ್ರೆಯಲ್ಲೇ ಇದೆ. ಅಮೃತಮಹಲ್ ದನಗಳನ್ನು ಮೈಸೂರಿನ ಅರಸರು, ಹೈದರ್-ಟಿಪ್ಪು ಸಾಕಿದ್ದು ಕೊಟ್ಟಿಗೆಗಳಲ್ಲಲ್ಲ, ಕಾವಲುಗಳಲ್ಲಿ. 1860ರಲ್ಲಿ ಖರ್ಚೆಂದು ಬ್ರಿಟಿಷರು ಹಿಂಡನ್ನೇ ಮಾರಿದರು. ಆರು ವರ್ಷಗಳಲ್ಲಿ ಬುದ್ಧಿ ಬಂದು 1866ರಲ್ಲಿ ಮತ್ತೆ ಕಟ್ಟಬೇಕಾಯಿತು. ಆಗ ಅದು ಸಾಧ್ಯವಾದದ್ದು ಕಾವಲುಗಳು ಹಾಗೆಯೇ ಇದ್ದುದರಿಂದ. ಒಂದು ಕಾಲಕ್ಕೆ ನಾಲ್ಕು ಲಕ್ಷ ಎಕರೆಗೂ ಮಿಕ್ಕಿದ್ದ ಆ ಕಾವಲುಗಳಲ್ಲಿ ಇಂದು ಉಳಿದಿರುವುದು ತುಂಡುಗಳು. ಚಳ್ಳಕೆರೆಯ ಸುಮಾರು ಹತ್ತು ಸಾವಿರ ಎಕರೆ ಕಾವಲು 2008ರಿಂದೀಚೆಗೆ ರಕ್ಷಣಾ, ಅಣು, ಬಾಹ್ಯಾಕಾಶ ಮತ್ತು ವಿಜ್ಞಾನ ಸಂಸ್ಥೆಗಳ ಪಾಲಾದಾಗ ಸುತ್ತಲಿನ ಕುರಿಗಾಹಿಗಳು ಹಸಿರು ನ್ಯಾಯಮಂಡಳಿಯವರೆಗೂ ಹೋಗಬೇಕಾಯಿತು. ಕುಣಿಗಲ್ಲಿನ ಕುದುರೆ ಫಾರಂ ಮೈಸೂರಿನ ಸವಾರಪಡೆಯ ಕಾಲದ್ದು; ಅದರ ಜಮೀನಿನಲ್ಲಿ ಟೌನ್‌ಶಿಪ್ ಕಟ್ಟುವ ಯೋಚನೆ 2024ರಲ್ಲಿ ಸುದ್ದಿಯಾಗಿ ವಿರೋಧ ಎದ್ದಿತು. ದೂರದ ಮಣಿಪುರದಲ್ಲಿ ತಟ್ಟುಗಳಿಗಾಗಿ 2016ರಲ್ಲಿ ಸರಕಾರವೇ ನೀತಿಯೊಂದನ್ನು ತಂದಿತು. ಆದರೆ ಇಂಫಾಲದ ಸುತ್ತಲಿನ ಜೌಗು ಹುಲ್ಲುಗಾವಲುಗಳು ಕಟ್ಟಡಗಳಾಗುತ್ತ ಬಂದುದರಿಂದ 2003ರ ಗಣತಿಯಲ್ಲಿ 1,898 ಇದ್ದ ತಟ್ಟುಗಳು 2012ರ ಹೊತ್ತಿಗೆ 1,101ಕ್ಕೆ ಇಳಿದಿದ್ದವು.

ದೇಶದ ಒಟ್ಟು ಲೆಕ್ಕವೂ ಇದಕ್ಕಿಂತ ಹಿತವಾಗಿಲ್ಲ. 2012ರಲ್ಲಿ ಆರು ಲಕ್ಷ ದಾಟಿದ್ದ ಕುದುರೆ ಮತ್ತು ತಟ್ಟುಗಳು 2019ರ ಗಣತಿಯಲ್ಲಿ ಮೂರು ಲಕ್ಷ ನಲವತ್ತು ಸಾವಿರದಷ್ಟಾದವು. ಏಳು ವರ್ಷಗಳಲ್ಲಿ ಶೇಕಡಾ 45ರ ಇಳಿಕೆ.

ಖಾನಾಪುರದ ಮಟ್ಟಿಗೆ ಹೇಳುವುದಾದರೆ ಸಮಸ್ಯೆ ಎರಡು ಕಡೆಯಿಂದ ಮುತ್ತಿದೆ. ಬಯಲಿನ ಬದಿಗೆ ಗಾಯರಾಣಗಳು ಒಂದೊಂದಾಗಿ ಬೇಲಿ ಕಾಣುತ್ತಿವೆ, ಗದ್ದೆಗಳು ಕಬ್ಬಾಗುತ್ತಿವೆ. ಕಬ್ಬಿನ ಹೊಲದಲ್ಲಿ ಕುರಿ ತರುಬುವವರಿಲ್ಲ. ಕಾಡಿನ ಬದಿಗೆ ಮೇಯಿಸುವವರೆಲ್ಲ ಕಳ್ಳರೆಂಬ ಭಾವನೆ ಬೆಳೆಯುತ್ತಿದೆ. 2025ರ ಜುಲೈ ತಿಂಗಳಲ್ಲಿ ಕಾಡಿನೊಳಗೆ ಸಾಕುಪ್ರಾಣಿ ಮೇಯಿಸುವುದನ್ನು ತಡೆಯಬೇಕೆಂದು ಅರಣ್ಯ ಸಚಿವರು ಸೂಚಿಸಿದಾಗ ಎದ್ದ ಗದ್ದಲ ಓದುಗರಿಗೆ ನೆನಪಿರಬಹುದು. ಹುಲಿಯಿರುವ ಕಾಡಿನ ನಡುವೆ ಸಾವಿರಾರು ದನ ನುಗ್ಗಿಸಬೇಕೆಂದು ನಮ್ಮ ಚಳುವಳಿ ಎಂದೂ ಹೇಳಿಲ್ಲ. ಭೀಮಗಡದ ಒಳಕಾಡು ಬೇರೆ, ಊರಂಚಿನ ಹುಲ್ಲುಮಾಳ ಬೇರೆ. ಕಾಡು ಉಳಿಯಬೇಕೆನ್ನುವ ನಾವೇ ಈ ಭೇದವನ್ನು ಗಟ್ಟಿಯಾಗಿ ಹೇಳದಿದ್ದರೆ ಮತ್ತಾರು ಹೇಳುತ್ತಾರೆ? ಮರ ಬೆಳೆಯದ ನೆಲವೆಲ್ಲ ಬೀಳು ಎಂದು ಬಗೆದು ಅಕೇಶಿಯಾ ನೆಟ್ಟ ಕಾಲವನ್ನು ನಾವು ಕಂಡಿದ್ದೇವೆ. ಅದರಡಿಯಲ್ಲಿ ಹುಲ್ಲು ಹುಟ್ಟಲಿಲ್ಲ.

ಕುದುರೆಗೆ ಇನ್ನೊಂದು ಆಕರ್ಷಣೆಯೂ ಅಪಾಯವಾಗಿದೆ. ಮಹಾರಾಷ್ಟ್ರದ ಸಾರಂಗಖೇಡಾದಂಥ ಜಾತ್ರೆಗಳಲ್ಲಿ ಎತ್ತರದ ಮಾರವಾಡಿ ಕುದುರೆಗೆ ಲಕ್ಷಗಟ್ಟಲೆ ಬೆಲೆ. ಮೆರವಣಿಗೆಯಲ್ಲಿ ಕುಣಿಸಲು, ನಮ್ಮ ಜಿಲ್ಲೆಯ ಗಾಡಿ ಶರ್ಯತ್ತುಗಳಲ್ಲಿ ಓಡಿಸಲು ಎತ್ತರದ ಕುದುರೆ ಬೇಕೆಂದು ಯುವಕರು ಹಟ್ಟಿಯ ಹೆಣ್ಣುಗಳಿಗೆ ಹೊರಗಿನ ಗಂಡು ಕೂಡಿಸಿದರೆ, ಹುಟ್ಟುವ ಮರಿ ನೋಡಲು ಚೆನ್ನಾಗಿರುತ್ತದೆ, ಮಾರಲು ಸುಲಭ. ಆದರೆ ಕೊಯ್ದ ಹೊಲದ ಕೂಳೆ ತಿಂದು ದಿನವಿಡೀ ಹೇರು ಹೊರುವ ಗುಣ ಅದರಲ್ಲಿ ಉಳಿಯುವ ಭರವಸೆಯಿಲ್ಲ. ಕುರುಬರಣ್ಣಂದಿರು ಇದನ್ನು ನಮಗಿಂತ ಚೆನ್ನಾಗಿ ಬಲ್ಲರು. ಯಾವ ತಾಯಿಯ ಮರಿ ಗಟ್ಟಿ, ಯಾವುದರ ಗೊರಸು ಕಲ್ಲಿಗೆ ಸವೆಯುವುದಿಲ್ಲ, ಯಾವುದು ಕುರಿಮರಿಯನ್ನು ತುಳಿಯದೆ ನಿಲ್ಲುತ್ತದೆ ಎಂಬುದು ಅವರ ಬಾಯಲ್ಲಿದೆ. ಅದೇ ನಿಜವಾದ ವಂಶಾವಳಿ, ಬರೆದಿಟ್ಟಿಲ್ಲ, ಅಷ್ಟೆ. ಆದರೆ ಮಗ ಬೆಳಗಾವಿಯ ಕಾರಖಾನೆಗೆ ಸೇರಿದ, ದಖ್ಖನಿ ಕುರಿಯ ಉಣ್ಣೆಗೆ ಬೆಲೆಯಿಲ್ಲ, ಸಾಮಾನು ಸಾಗಿಸಲು ಬಾಡಿಗೆಯ ಟೆಂಪೊ ಬಂತು ಎಂದಮೇಲೆ ಕುದುರೆ ಇಟ್ಟುಕೊಳ್ಳಿರೆಂದು ಉಪದೇಶಿಸಲು ನಮಗೆ ಯಾವ ಹಕ್ಕಿದೆ? ಸಾಕಿದವನಿಗೆ ಅದು ಹೊರೆಯಾಗದಂತೆ ನೋಡಿಕೊಳ್ಳುವುದು ಮೊದಲು, ಉಪದೇಶ ಆಮೇಲೆ.

ಕಾಲ ಅನುಕೂಲವಾಗಿಯೇ ಇದೆ. 2024ರ ಅಕ್ಟೋಬರಿನಲ್ಲಿ ಆರಂಭವಾದ ಇಪ್ಪತ್ತೊಂದನೆಯ ಜಾನುವಾರು ಗಣತಿಯಲ್ಲಿ ಮೊದಲ ಬಾರಿಗೆ ಅಲೆಮಾರಿ ಪಶುಪಾಲಕರ ಪ್ರಾಣಿಗಳನ್ನು ಪ್ರತ್ಯೇಕವಾಗಿ ಎಣಿಸುವ ಏರ್ಪಾಡಾಯಿತು. 2025ರಲ್ಲಿ ರಾಜ್ಯ ಸರಕಾರ ಸಂಚಾರಿ ಕುರಿಗಾಹಿಗಳ ಕಲ್ಯಾಣ ಮತ್ತು ರಕ್ಷಣೆಗಾಗಿ ಮಸೂದೆಯನ್ನು ತಂದಿತು. 2026ನ್ನು ವಿಶ್ವಸಂಸ್ಥೆ ಹುಲ್ಲುಗಾವಲು ಮತ್ತು ಪಶುಪಾಲಕರ ವರ್ಷವೆಂದು ಸಾರಿದೆ. ಘೋಷಣೆಗಳಿಂದ ಹುಲ್ಲು ಬೆಳೆಯುವುದಿಲ್ಲವಾದರೂ ಅರ್ಜಿ ಬರೆಯಲು ಅವು ಉಪಯೋಗಕ್ಕೆ ಬರುತ್ತವೆ.

ಅರ್ಜಿಯಲ್ಲಿ ನಾವು ಕೇಳಬೇಕಾದುದು ದೊಡ್ಡ ಫಾರಂ ಅಲ್ಲ. ಬೆಳಗಾವಿ ಜಿಲ್ಲೆಯ ಹಟ್ಟಿಗಳ ಕುದುರೆಗಳನ್ನು ಪಶುಸಂಗೋಪನಾ ಇಲಾಖೆ ಅಳೆದು, ರಕ್ತ ಪರೀಕ್ಷಿಸಿ ಭೀಮಥಡಿಯ ದಾಖಲೆಯೊಡನೆ ಹೋಲಿಸಲಿ. ಒಳ್ಳೆಯ ಗಂಡುಮರಿಯನ್ನು ಬೀಜ ಒಡೆಯದೆ ಉಳಿಸಿಕೊಂಡ ಕುರುಬನಿಗೆ ವರ್ಷಕ್ಕಿಷ್ಟೆಂದು ಸಹಾಯಧನ ಸಿಗಲಿ; ಮೂರು-ನಾಲ್ಕು ವರ್ಷಗಳಿಗೊಮ್ಮೆ ಹಟ್ಟಿಗಳು ಗಂಡುಗಳನ್ನು ಪರಸ್ಪರ ಬದಲಿಸಿಕೊಳ್ಳಲಿ. ಗ್ಲಾಂಡರ್ಸ್ ಎಂಬ ಮಾರಕ ರೋಗ ಮನುಷ್ಯರಿಗೂ ತಗಲುವಂಥದು. 2009ರ ಕಾಯಿದೆಯಲ್ಲಿ ಅಧಿಸೂಚಿತ ರೋಗಗಳ ಪಟ್ಟಿಯಲ್ಲಿದೆ. ಅದರ ಪರೀಕ್ಷೆ ಹಟ್ಟಿ ಇದ್ದಲ್ಲಿಗೇ ಬರಲಿ. ಹಟ್ಟಿಯವನು ಕುದುರೆ ಹೊಡೆದುಕೊಂಡು ತಾಲೂಕಾ ದವಾಖಾನೆಗೆ ಹೋಗುವುದು ನಡೆಯುವ ಮಾತಲ್ಲ. ಗ್ರಾಮ ಪಂಚಾಯತಿಗಳು ತಮ್ಮ ವ್ಯಾಪ್ತಿಯ ಗಾಯರಾಣ, ಹಳೆಯ ಕುರಿದಾರಿ, ನೀರಿನ ಹೊಂಡಗಳನ್ನು ನಕಾಶೆಯ ಮೇಲೆ ಗುರುತಿಸಿ ಗ್ರಾಮಸಭೆಯಲ್ಲಿ ಠರಾವು ಮಾಡಲಿ.

ವಿದ್ಯಾರ್ಥಿ ಮಿತ್ರರಿಗೆ ಒಂದು ಕೆಲಸ. ಈ ಸುಗ್ಗಿಯಲ್ಲಿ ನಿಮ್ಮೂರ ಗದ್ದೆಗೆ ಹಿಂಡು ಬಂದಾಗ ಒಂದು ನೋಟ್‌ಬುಕ್ಕು ಹಿಡಿದುಕೊಂಡು ಹೋಗಿರಿ. ಹಿಂಡಿನಲ್ಲಿ ಕುದುರೆಗಳೆಷ್ಟು, ಹೆಣ್ಣೆಷ್ಟು, ಬೀಜದ ಗಂಡೆಷ್ಟು, ಬಣ್ಣವೇನು, ನೆಲದಿಂದ ಹೆಗಲಿಗೆ ಎಷ್ಟು ಎತ್ತರ, ತಾಯಿ ಯಾವ ಹಟ್ಟಿಯಿಂದ ಬಂದದ್ದು, ಯಾವ ದಾರಿಯಿಂದ ಬಂದರು, ಹೋದ ವರ್ಷ ಎಲ್ಲಿ ತಡೆದರು — ಹಟ್ಟಿಯ ಹಿರಿಯರನ್ನು ಮರ್ಯಾದೆಯಿಂದ ಕೇಳಿ, ಅವರು ಒಪ್ಪಿದಷ್ಟನ್ನು ಮಾತ್ರ ಬರೆದುಕೊಳ್ಳಿರಿ. ಯುಗಾದಿಯೊಳಗೆ ಪುಟಗಳು ನಮ್ಮ ಕೈಸೇರಿದರೆ ಇಲಾಖೆಗೆ ಕೊಡುವ ಅರ್ಜಿಯೊಡನೆ ಅವನ್ನೂ ಲಗತ್ತಿಸೋಣ.