ಎಳೆಯ ಮಕ್ಕಳ ತಂಟೆ ಮತ್ತು ಶಾಲೆಯ ಶಿಸ್ತು

ಪಕ್ಕದವರ ಬಳಪ ಕಸಿಯುವುದು, ಬಿಸಿಯೂಟದ ಸಾಲಿನಲ್ಲಿ ನುಗ್ಗುವುದು, ಕೂತಲ್ಲಿ ಕೂರದಿರುವುದು, ಕೈಮಾಡುವುದು, ಸಿಕ್ಕಿಬಿದ್ದಾಗ ಸುಳ್ಳು ಹೇಳುವುದು: ಒಂದರಿಂದ ಮೂರನೇ ತರಗತಿಯವರೆಗಿನ ಮಕ್ಕಳ ಮೇಲಿನ ದೂರುಗಳು ಹೆಚ್ಚಾಗಿ ಇಂಥವೇ. ಮನಸ್ಸಿಗೆ ಬಂದದ್ದನ್ನು ತಡೆದುಕೊಳ್ಳುವ ಶಕ್ತಿ ಆರೇಳು ವರ್ಷಕ್ಕೆ ಇನ್ನೂ ಬಲಿತಿರುವುದಿಲ್ಲ. ಹಸಿವು, ನಿದ್ದೆಗೇಡು, ಮನೆಮಾತು ಬೇರೆಯಾಗಿ ಪಾಠ ತಿಳಿಯದಿರುವುದು, ಇವೆಲ್ಲ ತಂಟೆಯ ರೂಪದಲ್ಲಿಯೇ ಹೊರಬೀಳುತ್ತವೆ. ಕರಿಹಲಗೆ ಮಸುಕಾಗಿ ಕಾಣುವ ಹುಡುಗ ಪಕ್ಕದವನ ಪುಸ್ತಕ ಎಳೆದರೆ ಅವನನ್ನು ಮೊದಲು ಮುಂದಿನ ಸಾಲಿಗೆ ಕರೆದು ಕೂರಿಸಬೇಕು, ಆಮೇಲೆ ಕಣ್ಣು ತೋರಿಸಲು ಮನೆಯವರಿಗೆ ಹೇಳಬೇಕು.

ಬಹುಕಾಲ ಇದಕ್ಕೆಲ್ಲ ಒಂದೇ ಮದ್ದು ಬೆತ್ತವಾಗಿತ್ತು. ‘ಛಡಿ ಚಂ ಚಂ, ವಿದ್ಯಾ ಘಂ ಘಂ’ ಎಂಬುದನ್ನು ಹಿರಿಯರು ಈಗಲೂ ಹೇಳುತ್ತಾರೆ. ತಾವು ಏಟು ತಿಂದೇ ಕಲಿತೆವೆಂದೂ ಸೇರಿಸುತ್ತಾರೆ. ಆದರೆ ಏಟಿಗೆ ಹೆದರಿ ಶಾಲೆ ಬಿಟ್ಟವರ ಸಾಕ್ಷಿ ಈ ವಾದದಲ್ಲಿ ಬರುವುದೇ ಇಲ್ಲ. ಬೆತ್ತ ತರಗತಿಯನ್ನು ತಕ್ಷಣ ಸುಮ್ಮನಾಗಿಸುತ್ತದೆ, ನಿಜ. ಆದರೆ ಮಗು ಅದರಿಂದ ಕಲಿಯುವುದು ಮೇಷ್ಟ್ರ ಕಣ್ಣು ತಪ್ಪಿಸುವುದನ್ನು, ಜೊತೆಗೆ ದೊಡ್ಡವರು ಚಿಕ್ಕವರನ್ನು ಹೊಡೆಯಬಹುದೆಂಬುದನ್ನು.

2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಇದರಲ್ಲಿ ಎರಡನೆಯದು ಹಲವರ ಗಮನಕ್ಕೇ ಬಂದಿಲ್ಲ. ಕೋಲು ಕೈಬಿಟ್ಟ ಕಡೆಯಲ್ಲೂ ‘ದಡ್ಡ’ ಎಂದು ಕರೆಯುವುದು, ಎಲ್ಲರೆದುರು ಬೆಂಚಿನ ಮೇಲೆ ನಿಲ್ಲಿಸುವುದು ಉಳಿದುಕೊಂಡಿದೆ. ಏಟಿನ ಬಾಸುಂಡೆ ನಾಲ್ಕು ದಿನಕ್ಕೆ ಮಾಯುತ್ತದೆ; ಅಡ್ಡಹೆಸರು ಏಳನೇ ತರಗತಿಯವರೆಗೂ ಬೆನ್ನುಹತ್ತುತ್ತದೆ.

ಹಾಗೆಂದು ತಪ್ಪನ್ನು ಕಂಡೂ ಕಾಣದಂತೆ ಬಿಡುವುದು ಮಗುವಿಗೆ ಮಾಡುವ ಉಪಕಾರವಲ್ಲ. ಜಗಳದಲ್ಲಿ ಒಬ್ಬಳು ಇನ್ನೊಬ್ಬಳ ನೋಟ್‌ಬುಕ್ಕಿನ ಮೇಲೆ ನೀರು ಚೆಲ್ಲಿದಳೆನ್ನಿ. ಇಬ್ಬರನ್ನೂ ಬೇರೆ ಬೇರೆ ಕೂರಿಸಿ, ಅಳು ನಿಂತ ಮೇಲೆ ಇಬ್ಬರ ಮಾತನ್ನೂ ಕೇಳಬೇಕು. ಚೆಲ್ಲಿದವಳೇ ನೆಲ ಒರೆಸಬೇಕು, ಹಾಳೆಗಳನ್ನು ಬಿಸಿಲಿಗೆ ಹರಡಬೇಕು, ಅಳಿಸಿಹೋದದ್ದನ್ನು ಗೆಳತಿಯ ಜೊತೆ ಕೂತು ಮತ್ತೆ ಬರೆಯಬೇಕು. ತಿದ್ದುಪಡಿ ಅಂದೇ ನಡೆದು ಅಂದೇ ಮುಗಿಯಬೇಕು. ಮರುದಿನ ಅದನ್ನೆತ್ತಿ ಆಡಬಾರದು.

ಪಾಠದ ಕ್ರಮ ಸರಿಯಿದ್ದರೆ ಅರ್ಧ ತಂಟೆ ಹುಟ್ಟುವುದೇ ಇಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ‘ನಲಿಕಲಿ’ ಕಲಿಕಾ ಪದ್ಧತಿಯಲ್ಲಿ ಮಕ್ಕಳು ಗುಂಪಾಗಿ ಕೂತು, ಕಾರ್ಡು ಹಿಡಿದು, ತಮ್ಮ ವೇಗದಲ್ಲಿ ಕಲಿಯುತ್ತಾರೆ. ಕೈಗೆ ಕೆಲಸವಿದ್ದ ಮಗು ಪಕ್ಕದವರನ್ನು ಚಿವುಟುವುದು ಕಡಿಮೆ. ಆದರೆ ಎರಡು ಮೂರು ತರಗತಿಗಳನ್ನು ಒಬ್ಬರೇ ನೋಡಿಕೊಳ್ಳುವ ಶಾಲೆಯಲ್ಲಿ ಇಂಥ ತಾಳ್ಮೆಗೆ ಸಮಯವಾದರೂ ಎಲ್ಲಿಂದ ಬರಬೇಕು? ಬೆತ್ತ ಬಿಡಿ ಎಂದ ಸರ್ಕಾರ ಸಾಕಷ್ಟು ಶಿಕ್ಷಕರನ್ನೂ ತರಬೇತಿಯನ್ನೂ ಕೊಡಲೇಬೇಕು.

ತಂದೆತಾಯಿಯರ ಪಾಲೂ ಇದರಲ್ಲಿದೆ. ‘ಮಾತು ಕೇಳದಿದ್ರೆ ನಾಲ್ಕು ಬಿಡಿ ಮೇಷ್ಟ್ರೇ’ ಎಂದು ಹೇಳಿಹೋಗುವವರು ಇನ್ನೂ ಇದ್ದಾರೆ. ಅವರು ಒಪ್ಪಿಗೆ ಕೊಟ್ಟರೂ ಹೊಡೆದ ಶಿಕ್ಷಕರ ಮೇಲೆ ಸೇವಾನಿಯಮದಂತೆ ಶಿಸ್ತುಕ್ರಮ ಜರುಗಿಸಲು ಶಿಕ್ಷಣ ಹಕ್ಕು ಕಾಯ್ದೆಯ ಅದೇ 17ನೇ ಕಲಮಿನಲ್ಲಿ ಅವಕಾಶವಿದೆ.