ಕಡಲ ದಂಡೆಯ ಕಪಿಗಳು

ರಾಮನು ದೇವರೇ ಆಗಿದ್ದಲ್ಲಿ ಸೀತೆಯಿರುವ ತಾಣ ಅವನಿಗೆ ತಿಳಿಯದೆ ಹೋದುದೇಕೆ? ಅಷ್ಟು ದೊಡ್ಡ ಭಕ್ತನಾದ ಹನುಮಂತನಿಗೆ ತನ್ನ ಬಲವೇ ಮರೆತುಹೋಗುವಂತಹ ಶಾಪವೇಕೆ? ಈ ಪ್ರಶ್ನೆಗಳನ್ನು ಕೇಳದ ಮಕ್ಕಳಿಲ್ಲ; ಕೇಳಿದ ಮಕ್ಕಳಿಗೆ “ಮೊದಲು ಊಟಮಾಡು” ಎನ್ನದ ಹಿರಿಯರೂ ವಿರಳ.

ಹಳೆಯ ಈ ಪ್ರಶ್ನೆಗಳಿಗೆ ಹೊಸ ಜೀವ ಕೊಟ್ಟಿರುವುದು ‘ದಿ ಲೆಜೆಂಡ್ ಆಫ್ ಹನುಮಾನ್’ ಎಂಬ ಅನಿಮೇಷನ್ ಧಾರಾವಾಹಿ. ಗ್ರಾಫಿಕ್ ಇಂಡಿಯಾ ಸಂಸ್ಥೆ ಸಿದ್ಧಪಡಿಸಿದ ಈ ಚಿತ್ರಮಾಲೆಯ ಮೊದಲ ಭಾಗ 2021ರ ಜನವರಿ 29ರಂದು, ಆಗ ಡಿಸ್ನಿ ಪ್ಲಸ್ ಹಾಟ್‌ಸ್ಟಾರ್ ಎಂಬ ಹೆಸರಿದ್ದ ವಾಹಿನಿಯಲ್ಲಿ, ಕನ್ನಡವೂ ಸೇರಿ ಏಳು ಭಾಷೆಗಳಲ್ಲಿ ತೆರೆಕಂಡಿತು. ಎರಡನೆಯ ಭಾಗ ಬಂದುದು ಅದೇ ವರ್ಷದ ಆಗಸ್ಟ್ 6ರಂದು.

ಈ ಎರಡು ಭಾಗಗಳ ನಡುವೆ ಬಂದ ಮಳೆಗಾಲವನ್ನು ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಜನ ಬಹುಕಾಲ ಮರೆಯಲಾರರು. ಜುಲೈ ತಿಂಗಳ ಆ ಮಹಾಮಳೆಗೆ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡ ಕುಸಿಯಿತು. ಮನೆಗಳೂ ತಲೆಮಾರುಗಳಿಂದ ಸಾಕಿದ ಅಡಿಕೆ ತೋಟಗಳೂ ಮಣ್ಣಿನಡಿ ಸೇರಿದವು. ಗುಳ್ಳಾಪುರದಲ್ಲಿ ಗಂಗಾವಳಿಗೆ ಕಟ್ಟಿದ್ದ ಸೇತುವೆ ಕೊಚ್ಚಿಹೋಯಿತು. ಜಾರುವ ಗುಡ್ಡವು ಹರಕೆ ಹೊತ್ತವರ ತೋಟ ಯಾವುದು, ಹೊರದವರದು ಯಾವುದು ಎಂದು ವಿಚಾರಿಸುವುದಿಲ್ಲ. ಮಕ್ಕಳ ಪ್ರಶ್ನೆ ಆ ವರ್ಷ ದೊಡ್ಡವರ ಪ್ರಶ್ನೆಯೂ ಆಗಿದ್ದಿತು.

ಧಾರಾವಾಹಿ ಕೊಡುವ ಉತ್ತರ ಸರಳವಾದುದು. ವಿನಯಶೀಲನಾದ ವಾನರನೊಬ್ಬ ಕಷ್ಟಗಳನ್ನು ಹಾಯ್ದು, ತನ್ನೊಳಗೆ ಅಡಗಿದ್ದ ಶಕ್ತಿಯನ್ನು ಅರಿತುಕೊಂಡು, ಜಗತ್ತಿನ ಕತ್ತಲೆಗೆ ದೀಪವಾಗುತ್ತಾನೆ. ಚಿತ್ರಗಳಲ್ಲಿ ಗಾಂಭೀರ್ಯವಿದೆ, ಹನುಮನ ಮುಖದಲ್ಲಿ ಮಕ್ಕಳು ಮೆಚ್ಚುವ ಮುಗ್ಧತೆಯೂ ಇದೆ. ಇದನ್ನು ನೋಡಿ ಮಕ್ಕಳು ಕೆಡುತ್ತಾರೆಂದು ಗೊಣಗುವುದು ಅನ್ಯಾಯ. ಆದರೆ ಇಲ್ಲಿ ಕಷ್ಟವೆಂಬುದು ವೀರನು ಏರಿಹೋಗಬೇಕಾದ ಮೆಟ್ಟಿಲು ಮಾತ್ರ. ನೆನಪಾದರೆ ಹಾರಬಲ್ಲವನ ಮಾತು ಸರಿಯೇ. ಎಷ್ಟು ನೆನಪಿಸಿಕೊಂಡರೂ ಹಾರಲಾರದವರ ಗತಿಯೇನು?

ಮೂಲ ವಾಲ್ಮೀಕಿ ರಾಮಾಯಣದ ಕಿಷ್ಕಿಂಧಾಕಾಂಡ ಈ ಹಾರಲಾರದವರನ್ನು ಕುರಿತು ಬಹಳ ಹೊತ್ತು ನಿಂತು ಮಾತನಾಡುತ್ತದೆ. ಸುಗ್ರೀವ ಕೊಟ್ಟ ಅವಧಿ ಒಂದು ತಿಂಗಳು. ಅದು ಮೀರಿತು, ಸೀತೆ ಸಿಕ್ಕಲಿಲ್ಲ. ಹಿಂದಿರುಗಿದರೆ ರಾಜದಂಡನೆ, ಮುಂದೆ ಸಮುದ್ರ. ಯುವರಾಜನಾದ ಅಂಗದನು ದರ್ಭೆ ಹಾಸಿ ಪ್ರಾಯೋಪವೇಶಕ್ಕೆ ಕುಳಿತನು. ಉಳಿದ ಕಪಿಗಳೂ ಅತ್ತು ಕರೆದು ಸುತ್ತ ಕುಳಿತವು. ರಾಮಕಾರ್ಯಕ್ಕೆಂದೇ ಹೊರಟ ಭಕ್ತರ ಗುಂಪು ಅದು. ಸ್ವತಃ ಹನುಮಂತನೂ ಆ ಗುಂಪಿನಲ್ಲಿಯೇ ಇದ್ದನು.

ಆಗ ಬೆಟ್ಟದ ಗುಹೆಯಿಂದ ಹೊರಬಂದವನು ಸಂಪಾತಿ, ರೆಕ್ಕೆ ಸುಟ್ಟ ಮುದಿ ಹದ್ದು. ಅವನಿಗೆ ಮೊದಲು ತೋರಿದ್ದು ಕರುಣೆಯಲ್ಲ, ಹಸಿವು: ವಿಧಿ ಆಹಾರವನ್ನು ಬಾಗಿಲಿಗೇ ತಂದಿದೆ, ಸತ್ತವರನ್ನು ಒಬ್ಬೊಬ್ಬರನ್ನಾಗಿ ತಿನ್ನಬಹುದು! ಕಪಿಗಳ ಪ್ರಲಾಪದಲ್ಲಿ ತಮ್ಮನಾದ ಜಟಾಯುವಿನ ಮರಣದ ವಾರ್ತೆ ಕಿವಿಗೆ ಬಿದ್ದ ಮೇಲೆಯೇ ಅವನ ಮನಸ್ಸು ತಿರುಗಿತು. ಹಿಂದೊಮ್ಮೆ ಸೂರ್ಯನ ಬಿಸಿಲಿನಿಂದ ಆ ತಮ್ಮನನ್ನು ಕಾಪಾಡಲು ಹೋಗಿಯೇ ಅವನು ರೆಕ್ಕೆಗಳನ್ನು ಕಳೆದುಕೊಂಡಿದ್ದನು. ಸಾಯಬೇಕೆಂಬ ಬುದ್ಧಿ ಬಂದಾಗಲೆಲ್ಲ ನಿಶಾಕರ ಮುನಿಯ ಮಾತನ್ನು ನೆನೆದು ಅದನ್ನು ಹಿಂದಕ್ಕೆ ತಳ್ಳಿದೆನೆಂದು ಅವನೇ ಹೇಳುತ್ತಾನೆ. ರಾಮದೂತರು ಬರುವರು, ಅವರಿಗೆ ದಾರಿ ಹೇಳು, ರೆಕ್ಕೆ ಬರುವುದು — ಇಷ್ಟೇ ಆ ಮಾತು. ಮುನಿ ದಿವಂಗತನಾಗಿ ಸಾವಿರಾರು ವರ್ಷಗಳೇ ಉರುಳಿದ್ದವು. ವಿಶ್ವಾಸದ ಚಿತ್ರ ಬೇಕೆಂದರೆ ಆಕಾಶಕ್ಕೆ ನೆಗೆದ ಹನುಮನಿಗಿಂತ ಈ ಮುದುಕನದೇ ಹೆಚ್ಚು ನಿಜವೆಂದು ತೋರುತ್ತದೆ.

ಅವನು ಲಂಕೆಯನ್ನು ತೋರಿಸಿಕೊಟ್ಟ ಮೇಲೂ ಸಮುದ್ರ ಇದ್ದಲ್ಲಿಯೇ ಇದ್ದಿತು. ಕಪಿಗಳು ತಮ್ಮ ತಮ್ಮ ಅಳತೆ ಹೇಳಿಕೊಂಡವು: ಒಬ್ಬನಿಗೆ ಹತ್ತು ಯೋಜನ, ಮತ್ತೊಬ್ಬನಿಗೆ ಇಪ್ಪತ್ತು. ನೂರು ಹಾರಬಲ್ಲ ಅಂಗದನಿಗೆ ಮರಳಿ ಬರುವೆನೆಂಬ ನಂಬಿಕೆ ಸಾಲದು. ಜಾಂಬವಂತನಿಗೆ ವೃದ್ಧಾಪ್ಯ, ತೊಂಬತ್ತಕ್ಕೆ ನಿಂತುಹೋಗುತ್ತಾನೆ. ತನ್ನಿಂದಾಗದೆಂದು ಒಪ್ಪಿಕೊಂಡ ಆ ವೃದ್ಧನೇ, ಒಂದು ಬದಿಗೆ ಸುಮ್ಮನೆ ಕುಳಿತಿದ್ದ ಹನುಮಂತನ ಕಡೆಗೆ ತಿರುಗಿದನು. ಹನುಮನ ಬಲ ಹನುಮನಿಗೆ ತಾನಾಗಿ ಹೊಳೆಯಲಿಲ್ಲ, ಸೋತವನೊಬ್ಬ ಹೇಳಬೇಕಾಯಿತು.

ಈ ಮೂರು ತಾಲೂಕುಗಳಿಗೆ ಇಂತಹ ಎಡೆಯಲ್ಲಿ ನಿಂತು ಕೇಳುವ ಅಭ್ಯಾಸ ಹಳೆಯದು. ಮಳೆಗಾಲದಲ್ಲಿ ಯಕ್ಷಗಾನದ ಗೆಜ್ಜೆ ಬಿಚ್ಚಿದ ಮೇಲೆ ಮನೆಯ ಜಗಲಿಯಲ್ಲಿ ತಾಳಮದ್ದಳೆ ಕೂಡುತ್ತದೆ. ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಪದ, ಮದ್ದಳೆಯ ಪೆಟ್ಟು, ಅರ್ಥಧಾರಿಗಳ ಮಾತು. ಕುಂಬಳೆಯ ಪಾರ್ತಿಸುಬ್ಬನ ವಾಲಿಸುಗ್ರೀವರ ಕಾಳಗವೆಂದರೆ, ಎದೆಗೆ ಬಾಣ ತಗುಲಿದ ವಾಲಿ ರಾಮನನ್ನೇ ನಿಲ್ಲಿಸಿ ಕೇಳುತ್ತಾನೆ: ಮರೆಯಲ್ಲಿ ನಿಂತು ಹೊಡೆದುದು ಯಾವ ಧರ್ಮ? ಕೇಳುತ್ತ ಕುಳಿತವರು ರಾಮನಿಗೆ ಕೈಮುಗಿಯುವವರೇ. ಆದರೂ ರಾಮನ ಅರ್ಥ ಹೇಳುವವನಿಗೆ ರಿಯಾಯಿತಿ ಇಲ್ಲ. ಉತ್ತರ ಪೇಲವವಾಯಿತೋ, ಮರುದಿನ ಚಹದ ಹೊತ್ತಿಗೆ ಅದರ ಟೀಕೆ ಆಗಿಯೇ ತೀರುತ್ತದೆ. ಹೊರಗೆ ತೋಟದಲ್ಲಿ ಅಡಿಕೆಗೆ ಕೊಳೆರೋಗ ಹತ್ತುವ ಕಾಲವೂ ಅದೇ. ಹರಕೆ ಹೊತ್ತ ಕೃಷಿಕನೇ ಕೊನೆಗಳಿಗೆ ಮೈಲುತುತ್ತ-ಸುಣ್ಣದ ದ್ರಾವಣವನ್ನೂ ಹೊಡೆಸುತ್ತಾನೆ. ನಂಬುವುದಕ್ಕೂ ಪ್ರಶ್ನಿಸುವುದಕ್ಕೂ, ನಂಬುವುದಕ್ಕೂ ದುಡಿಯುವುದಕ್ಕೂ ಇಲ್ಲಿ ಜಗಳವಿಲ್ಲ.

ಚಿತ್ರಮಾಲೆಗೆ ಅಷ್ಟು ವ್ಯವಧಾನವಿಲ್ಲ. ಒಂದು ಸಂಚಿಕೆ ಮುಗಿಯುವ ಮೊದಲೇ ಮುಂದಿನದರ ಕುತೂಹಲ ಹುಟ್ಟಿಸಬೇಕು. ಆ ವ್ಯವಧಾನವನ್ನು ತಂದುಕೊಡಬೇಕಾದವರು ಪಕ್ಕದಲ್ಲಿ ಕುಳಿತ ತಂದೆತಾಯಿಗಳು, ಅಜ್ಜ ಅಜ್ಜಿಯರು. ಮಗು “ಯಾಕೆ?” ಎಂದಾಗ ಚಿತ್ರವನ್ನು ಅಲ್ಲಿಯೇ ನಿಲ್ಲಿಸಿ, ಸಂಪಾತಿಯ ಕಥೆಯನ್ನು ಬಾಯಲ್ಲಿ ಹೇಳಬಹುದು. ಹೇಳುವಾಗ ಒಂದು ವಿವರವನ್ನು ಬಿಡಬಾರದು. ಸಂಪಾತಿಗೆ ರೆಕ್ಕೆ ಬಂದುದು ಕೊನೆಗೆ. ಅದಕ್ಕೂ ಮೊದಲು ಅವನು ಸತ್ತ ತಮ್ಮನಿಗೆ ನೀರು ಬಿಡಬೇಕೆಂದನು. ನಡೆಯಲಾರದ ಅವನನ್ನು ಸಮುದ್ರದ ಅಂಚಿನವರೆಗೆ ಹೊತ್ತುಕೊಂಡು ಹೋದವರು, ಅವನು ತಿನ್ನಬೇಕೆಂದುಕೊಂಡಿದ್ದ ಅದೇ ಕಪಿಗಳು.