ಸೆಲ್ಫ್ ಕೆಟ್ಟಿದ್ದಿಲ್ಲ, ಅರ್ಥಿಂಗ್ ಕೆಟ್ಟಿತ್ತು. ನೋಡಿದ್ದಕ್ಕೂ ರೊಕ್ಕ ಕೊಡ್ರಿ

ಇವತ್ತು ಬೆಳಿ ಸುದ್ದಿ ಅಲ್ಲ, ನಮ್ಮ ಹಳೇ ಜೀಪಿನ ಸುದ್ದಿ. ಟ್ರ್ಯಾಕ್ಟರ್ ಇದ್ದವರಿಗೂ ಇದೇ ಲೆಕ್ಕ, ಸ್ವಲ್ಪ ಉದ್ದ ಆಗ್ಯಾದ, ಪೂರ್ತಿ ಓದ್ರಿ. ನಾನು ಒಬ್ಬರ ಮ್ಯಾಲ ಆಡಿದ ತಪ್ಪು ಮಾತೂ ಇದರಾಗ ಅದ.

ಹೋದ ತೊಗರಿ ರಾಶಿ ಟೈಮಿನಾಗ ನಮ್ಮ ಎಂಎಂ 540 ಜೀಪು ಸೆಲ್ಫ್ ಎತ್ತೋದು ಬಿಟ್ಟಿತು. ಚಾವಿ ತಿರುವಿದ್ರ 'ಟಕ್' ಅಂತಿತ್ತು, ಎಂಜಿನ್ ಅರ್ಧ ಸುತ್ತು ನರಳಿ ನಿಂತು ಬಿಡ್ತಿತ್ತು. ಮುಂಜಾನಿ ಥಂಡಿಯೊಳಗ ಅಂತೂ ನಾಕು ಮಂದಿ ನೂಕಲೇಬೇಕು. ಒಬ್ಬರು ಬ್ಯಾಟರಿ ಹೋಗ್ಯಾದ ಅಂದ್ರು. 6,500 ಕೊಟ್ಟು ಹೊಸಾದು ತಂದೆ. ಎರಡು ದಿನ ಛಲೋ ಎತ್ತಿತು, ಮೂರನೇ ದಿನ ಮತ್ತ ಟಕ್. ಆಮ್ಯಾಲ ಸೆಲ್ಫ್ ಬಿಚ್ಚಿ ಆಳಂದಕ್ಕ ಒಬ್ಬ ಎಲೆಕ್ಟ್ರಿಷಿಯನ್ ಹುಡುಗನ ಕಡಿ ಒಯ್ದೆ. ಅವ ಹೇಳಿದ್ದ, "ಕಾಕಾ, ಬರೀ ಸೆಲ್ಫ್ ತಂದ್ರ ಹೆಂಗ? ಗಾಡಿನೇ ತರ್ರಿ, ಲೈನ್ ಚೆಕ್ ಮಾಡ್ತೀನಿ, 300 ಆಗ್ತದ." ನಾನೇ, "ನೋಡೋದಕ್ಕ ಎಂಥಾ 300 ಲೇ? ಸುಮ್ನ ಸೆಲ್ಫ್ ಕಟ್ಟಿ ಕೊಡು" ಅಂದೆ. 2,800 ತಗೊಂಡು ಕಟ್ಟಿ ಕೊಟ್ಟ. ತಂದು ಹಚ್ಚಿದೆ. ಮತ್ತ ಅದೇ ಟಕ್.

ಸಿಟ್ಟು ಬಂತು. ಬಸ್ ಸ್ಟ್ಯಾಂಡಿನಾಗ ನಾಕು ಮಂದಿ ಮುಂದ ಅಂದುಬಿಟ್ಟೆ, ಅವ ಒಳಗಿನ ಛಲೋ ತಾಮ್ರ ತಗದು ಹಗುರಾದ್ದು ಹಾಕ್ಯಾನ, ಯಾರೂ ಅವನ ಕಡಿ ಹೋಗಬ್ಯಾಡ್ರಿ ಅಂತ. ಹಂಗ ಆಡಿದ ಮಾತು ಎಷ್ಟು ದೂರ ಹೋಗ್ತದ ನಿಮಗೆಲ್ಲ ಗೊತ್ತದ.

ಒಂದಿನ ಹೊಲದಾಗ ತೊಗರಿ ಚೀಲ ಹೇರಿಕೊಂಡು ನಿಂತೀನಿ, ಗಾಡಿ ಎತ್ತವಲ್ದು. ಐದಾರು ಸಲ ಚಾವಿ ತಿರುವಿದೆ. ಬ್ಯಾಸತ್ತು ಎಂಜಿನ್ ಬಂದ್ ಮಾಡೋ ಸ್ಟಾಪ್ ಗುಂಡಿ ಮ್ಯಾಲ ಕೈ ಇಟ್ಟೆ, ಚುರ್ ಅಂತು! ಎಂಜಿನ್ನೇ ಚಾಲೂ ಆಗಿಲ್ಲ, ಈ ತಂತಿ ಹೆಂಗ ಕಾಯ್ತು? ಅಲ್ಲಿಗೆ ತಲಿಗೆ ಹೊಳೀತು.

ಬ್ಯಾಟರಿ ಪ್ಲಸ್‌ನಿಂದ ಹೋದ ಕರೆಂಟ್ ಸೆಲ್ಫ್ ತಿರುವಿ, ಎಂಜಿನ್ ಮೈಯಿಂದ ಮೈನಸ್‌ಗೆ ವಾಪಸ್ ಬರಬೇಕು. ಆದ್ರ ಎಂಜಿನ್ ರಬ್ಬರ್ ಮೌಂಟಿಂಗ್ ಮ್ಯಾಲ ಕುಂತಿರ್ತದ, ರಬ್ಬರಿನಾಗ ಕರೆಂಟ್ ಹರಿಯಲ್ಲ. ಅದಕ್ಕೇ ಎಂಜಿನ್ನಿಗೂ ಚೆಸಿಗೂ ನಡುವ ಜಡಿ ಹಂಗ ಹೆಣೆದ ತಾಮ್ರದ ಪಟ್ಟಿ ಇರ್ತದ. ಅದೇ ಅರ್ಥಿಂಗ್. ನಮ್ಮ ಗಾಡಿಯೊಳಗ ಆ ಪಟ್ಟಿ ಅರ್ಧ ಹರಿದಿತ್ತು, ಉಳಿದರ್ಧ ಹಸಿರು ಕಿಲುಬು. ಚೆಸಿ ಕಡಿ ತುದಿ ಕೆಳಗ ಬಣ್ಣ ಇತ್ತು, ಯಾಕಂದ್ರ ಅದರ ಹಿಂದಿನ ವರ್ಷ ಗಾಡಿಗೆ ಬಣ್ಣ ಹೊಡಿಸಿದವ ನಾನೇ. ದಾರಿ ಸಿಗದ ಕರೆಂಟ್ ಸ್ಟಾಪ್ ಗುಂಡಿಯ ಸಣ್ಣ ತಂತಿ ಹಿಡಿದು ಹೊಂಟಿತ್ತು, ಅದು ಕಾದಿತ್ತು.

ಲೈಟ್ ಝಗ್ ಅಂತ ಉರೀತಾವು, ಹಂಗಾದ್ರ ಲೈನ್ ಸರಿ ಅದ ಅಂತ ನಾವು ಮೋಸ ಹೋಗ್ತೀವಿ. ಹೆಡ್‌ಲೈಟಿನ 60 ವ್ಯಾಟ್ ಬಲ್ಬಿಗೆ ಬೇಕಾದ್ದು 5 ಆಂಪಿಯರ್. ಡೀಸೆಲ್ ಗಾಡಿ ಸೆಲ್ಫಿಗೆ 200 ದಾಟ್ತದ. ಕಾಲುದಾರಿ ಮನಷಾಗ ಸಾಕು, ಕಬ್ಬಿನ ಗಾಡಿಗೆ ಸಾಲಲ್ಲ ನೋಡ್ರಿ, ಹಂಗ.

ನೀವು ಹಿಂಗ ನೋಡ್ರಿ. ಗಾಡಿ ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಎಳದಿರಲಿ. ಜಂಪ್ ಕೇಬಲ್ಲಿನ ಒಂದು ತುದಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ತುದಿ ಎಂಜಿನ್ನಿನ ಬಣ್ಣ ಇಲ್ಲದ ಕಬ್ಬಿಣಕ್ಕ, ಫ್ಯಾನ್ ಬೆಲ್ಟಿನಿಂದ ದೂರ. ಈಗ ಸೆಲ್ಫ್ ಹೊಡೀರಿ. ಗಪ್ಪನ ಎತ್ತಿದ್ರ ತಪ್ಪು ಅರ್ಥಿಂಗಿನದು, ಒಂದು ರೂಪಾಯಿ ಸಾಮಾನ ತರೋ ಮೊದಲೇ ಗೊತ್ತಾತು. ಮೀಟರ್ ಇದ್ದವರು ಡಿಸಿ 20ಕ್ಕ ಇಟ್ಟು ಕೆಂಪು ಎಂಜಿನ್ನಿಗೆ, ಕರಿ ಬ್ಯಾಟರಿ ಮೈನಸ್‌ಗೆ ಹಿಡೀರಿ, ಇನ್ನೊಬ್ಬರು ಸ್ಟಾಪ್ ಗುಂಡಿ ಎಳದು ಸೆಲ್ಫ್ ಹೊಡೀಲಿ. ಅರ್ಧ ವೋಲ್ಟಿನ ಮ್ಯಾಲ ತೋರಿಸಿದ್ರ ದಾರಿ ಕೆಟ್ಟದ. ನಮ್ಮದು 2 ತೋರಿಸಿತು. ಬ್ಯಾಟರಿ ನೋಡಬೇಕಂದ್ರ ರಾತ್ರಿ ನಿಂತ ಗಾಡಿಯೊಳಗ 12.6 ಇದ್ರ ತುಂಬ್ಯಾದ, 12.2 ಅಂದ್ರ ಅರ್ಧ. ಎಂಜಿನ್ ಚಾಲೂ ಇದ್ದಾಗ 14ರ ಆಸುಪಾಸು ಬರಬೇಕು, ಬರಲಿಲ್ಲಂದ್ರ ಚಾರ್ಜಿಂಗ್ ಕಡಿ ನೋಡ್ರಿ.

ಬ್ಯಾಟರಿ ಬಿಚ್ಚುವಾಗ ಮೊದಲು ಮೈನಸ್, ಹಚ್ಚುವಾಗ ಕಡೀಕ ಮೈನಸ್. ಪ್ಲಸ್ ಮೊದಲು ಬಿಚ್ಚಲಿಕ್ಕೆ ಹೋಗಿ ಪಾನಾ ಬಾಡಿಗೆ ತಾಗಿದ್ರ ಕಿಡಿ ಹಾರ್ತದ. ಪಟ್ಟಿ ಕೂಡೋ ಜಾಗ ಪಾಲಿಶ್ ಪೇಪರಿನಿಂದ ಹೊಳಿಯೋ ತನಕ ತಿಕ್ಕಿ, ಬಿಗಿಯಾಗಿ ಹಚ್ಚಿ, ಆಮ್ಯಾಲ ಗ್ರೀಸ್ ಸವರ್ರಿ. ನನಗ ಹೊಸ ಪಟ್ಟಿಗೆ 180 ರೂಪಾಯಿ ಬಿತ್ತು.

ಪೆಟ್ರೋಲ್ ಜೀಪು ಇನ್ನೂ ಇಟ್ಟವರು ಇದ್ರ, ಅವರಿಗೆ ಕಿಡಿ ಲೆಕ್ಕ ಬ್ಯಾರೆ ಅದ: ಕಾಯಿಲ್, ಕಂಡೆನ್ಸರ್, ಪಾಯಿಂಟ್. ಹಳೇ ವಿಲ್ಲಿಸ್ ಎಂಜಿನ್ನಿನ ಪಾಯಿಂಟ್ ಗ್ಯಾಪ್ ಅರ್ಧ ಮಿಲಿಮೀಟರ್. ನಮ್ಮ ಡೀಸೆಲ್‌ಗೆ ಕಿಡಿನೇ ಬೇಕಾಗಿಲ್ಲ, ಥಂಡಿಗೆ ಹೀಟರ್ ಪ್ಲಗ್ ಅಷ್ಟೇ. ಇನ್ನೊಂದು, ಫ್ಯೂಜ್ ಹೋತಂತ ದಪ್ಪ ತಂತಿ ಸುತ್ತಬ್ಯಾಡ್ರಿ. ಕಣಕಿ ಹೇರಿದ ಗಾಡಿಯೊಳಗ ವೈರ್ ಸುಟ್ರ ಗಾಡಿ ಒಂದೇ ಹೋಗಲ್ಲ.

ಈಗ ನನ್ನ ಮಾತು. ಮಿಸ್ತ್ರಿ ಒಂದು ತಾಸು ಗಾಡಿ ಕೆಳಗ ಮಲಗಿ ಒಂದು ಸಡಿಲ ನಟ್ಟು ಹುಡುಕಿ ಬಿಗಿ ಮಾಡಿದ್ರ ನಾವು 50 ರೂಪಾಯಿ ಕೊಡ್ತೀವಿ, "ಏನು ಹಾಕಿದಿ?" ಅಂತ ಬ್ಯಾರೆ ಕೇಳ್ತೀವಿ. ಅವನೇ ಹೊಸ ಸಾಮಾನ ಹಾಕಿದ್ರ ಬಾಯಿ ಮುಚ್ಚಿಕೊಂಡು ಸಾವಿರ ಎಣಿಸ್ತೀವಿ. ಡಾಕ್ಟರ್ ನಾಡಿ ಹಿಡಿದು ನೋಡಿದ್ದಕ್ಕ ಫೀಸ್ ಕೊಡೋ ನಾವು, ಗಾಡಿ ನೋಡಿದ್ದಕ್ಕ ಯಾಕ ಕೊಡಲ್ಲ? ಸಾಮಾನ ಮಾರೋ ಮಿಸ್ತ್ರಿನ್ನ ತಯಾರು ಮಾಡಿದವರು ನಾವೇ. ನೋಡಿದ ರೊಕ್ಕ ತಗೊಂಡೂ ಸುಳ್ಳು ಹೇಳವ್ರು ಇರ್ತಾರ, ಇಲ್ಲ ಅನ್ನಲ್ಲ. ಅಂಥಲ್ಲಿ ಮೀಟರ್ ಎಷ್ಟು ತೋರಿಸಿತು ತೋರಿಸು ಅನ್ರಿ, ತಗದ ಸಾಮಾನ ಕೈಗೆ ಇಸ್ಕೋರಿ. ನಾನು 300 ಉಳಿಸಲಿಕ್ಕೆ ಹೋಗಿ 9,300 ಕಳಕೊಂಡೆ. ಹಳೇ ಬ್ಯಾಟರಿ ಮನ್ಯಾಗ ಅದ, ಚಾರ್ಜ್ ಮಾಡಿದ್ರ ಇನ್ನೂ 12.5 ತೋರಿಸ್ತದ, ನೋಡಿದಾಗೊಮ್ಮೆ ಹೊಟ್ಟಿ ಉರೀತದ.

ಆ ಹುಡುಗನ ಅಂಗಡಿಗೆ ಹೋಗಿ ಇದೆಲ್ಲ ಹೇಳಿ 300 ಮುಂದ ಇಟ್ಟೆ. ತಗೊಳ್ಳಲಿಲ್ಲ. "ನಾ ಗಾಡಿನೇ ನೋಡಿಲ್ಲಲ್ಲ ಕಾಕಾ" ಅಂದ. ಅದಾದ ಮ್ಯಾಲ, "ನಿಮ್ಮೂರ ಕಡಿಯವ್ರು ಈಗ ಬರೋದು ಕಡಿಮಿ ಆಗ್ಯಾದ" ಅಂತ ತಲಿ ತಗ್ಗಿಸಿಕೊಂಡೇ ಅಂದ. ಬಸ್ ಸ್ಟ್ಯಾಂಡಿನಾಗ ಆಡಿದ ಮಾತು ಇಲ್ಲಿ ವಾಪಸ್ ತಗೋತೀನಿ: ಅವ ಕಟ್ಟಿದ ಸೆಲ್ಫ್ ಇವತ್ತಿಗೂ ಒಂದೇ ಸಲಕ್ಕ ಎತ್ತುತದ, ತಾಮ್ರ ಹಂಗೇ ಅದ. ನನ್ನ ಮಾತು ಕೇಳಿ ಅವನ ಕಡಿ ಹೋಗೋದು ಬಿಟ್ಟವರು ದಯಮಾಡಿ ಮತ್ತ ಹೋಗ್ರಿ.

ಜಂಪ್ ಕೇಬಲ್ ನಮ್ಮ ಮನ್ಯಾಗ ಅದ. ಹಿರೋಳ್ಳಿ ಆಸುಪಾಸಿನವರು ಬೇಕಾದ್ರ ಬಂದು ಒಯ್ರಿ, ಆದ್ರ ಸಂಜಿತನಕ ತಿರುಗಿ ತಂದು ಕೊಡ್ರಿ.